ನಿಂತು ಹೇಳಬೇಕಾಗಿದ್ದ ಮಾತು

ಸಭೆಯ ಅಧ್ಯಕ್ಷರಾದ ವಕೀಲ ವ್ಯಾಸರಾಜರೇ, ನಮ್ಮ ಹೊಸಪೇಟೆ ವಾಚನಾಲಯದ ಸದಸ್ಯರೇ, ಹೈಸ್ಕೂಲಿನ ಸಹೋದ್ಯೋಗಿಗಳೇ, ಹಂಪಿ, ಕಮಲಾಪುರ, ಕಂಪ್ಲಿ ಕಡೆಯಿಂದ ಈ ಚೈತ್ರದ ಬಿಸಿಲಲ್ಲಿ ಬಂಡಿ ಕಟ್ಟಿಕೊಂಡು ಬಂದ ಹಿರಿಯರೇ— ಆನೆಗೊಂದಿಯಿಂದ ಹೊಳೆ ದಾಟಿ ಬಂದ ರಾಯರ ಮಗಳು ವಿಜಯಲಕ್ಷ್ಮೀ, ಅಳಿಯಂದಿರಾದ ಗೋಪೀನಾಥರೇ— ನಿಮಗೆಲ್ಲರಿಗೂ ಈ ಕೊಟ್ರಬಸಪ್ಪನ ನಮಸ್ಕಾರ. ರಾಯರ ಪತ್ನಿ, ತಾಯಿ ಯಮುನಾಬಾಯಿಯವರು ಮನೆಯಲ್ಲೇ ಇದ್ದಾರೆ. ಅವರಿಗೂ ಇಲ್ಲಿಂದಲೇ ಕೈ ಮುಗಿಯುತ್ತೇನೆ.

ಮೆಟ್ಟಿಲ ಮೇಲೆ ನಿಂತವರು ಒಳಗ ಬರ್ರಿ, ಜಾಗ ಐತಿ. ಪಾಲಯ್ಯ, ಆ ಚಾಪೆ ಒಂದಿಷ್ಟು ಆಕಡೆ ಎಳಿ. ಹಾಂ, ಸಾಕು. ಕುಂದ್ರಿ ಎಲ್ಲಾರೂ.

ನಮ್ಮ ತಿರುಮಲರಾಯರು ಹೋದ ತಿಂಗಳು ನಮ್ಮನ್ನು ಬಿಟ್ಟು ಹೋದರು. ಹೈಸ್ಕೂಲಿನಲ್ಲಿ ಅವರು ಲೆಕ್ಕದ ಮೇಷ್ಟ್ರು, ನಾನು ಕನ್ನಡದ ಮೇಷ್ಟ್ರು. ಪಕ್ಕಪಕ್ಕದ ಕ್ಲಾಸು, ನಡುವೆ ಒಂದು ಬಿದಿರು ತಟ್ಟಿ. ನಾನು ಪದ್ಯ ಹಾಡುವಾಗ ಆಕಡೆಯಿಂದ ತಟ್ಟಿ ಬಡಿದು ಕೂಗುತ್ತಿದ್ದರು— "ಕೊಟ್ರಬಸಪ್ಪ, ಸಾವಕಾಶ್ರೀ! ಇಲ್ಲಿ ಹುಡುಗರು ಭಾಗಾಕಾರ ಬಿಟ್ಟು ನಿಮ್ಮ ಪದ್ಯ ಕೇಳ್ಲಿಕ್ಕೆ ಹತ್ಯಾರ!" ನಾನು ದನಿ ಇಳಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಮತ್ತೆ ತಟ್ಟಿ ಬಡಿಯುತ್ತಿದ್ದರು— "ಪೂರ್ತಿ ಇಳಸಬ್ಯಾಡ್ರಿ, ಆ ಕಡೀ ಸಾಲು ನನಗ ಕೇಳಲಿಲ್ಲ!"

ಇಂಥ ಮನುಷ್ಯ.

ಈ ಫೋಟೋ ನೋಡ್ರಿ. ಮದ್ರಾಸಿನಿಂದ ಇನ್ಸ್‌ಪೆಕ್ಟರ್ ಸಾಹೇಬರು ಬಂದಾಗ ತೆಗೆಸಿದ್ದು. ರಾಯರ ಒಬ್ಬರದೇ ಫೋಟೋ ಹುಡುಕಿದೆವು, ಸಿಗಲಿಲ್ಲ. ಹಂಗಾಗಿ ಈ ಗ್ರೂಪ್ ಫೋಟೋಕ್ಕೇ ಹಾರ ಹಾಕಿದ್ದೇವೆ. ಉಳಿದ ಮೇಷ್ಟ್ರುಗಳು ಕ್ಷಮಿಸಬೇಕು, ನೀವಿನ್ನೂ ಗಟ್ಟಿಯಾಗೇ ಇದ್ದೀರಿ. ಮುಂದಿನ ಸಾಲಿನಲ್ಲಿ ರಾಯರು ಕುರ್ಚಿ ಮೇಲೆ ಕೂತಿದ್ದಾರೆ. ಫೋಟೋ ಬಂದ ದಿನ ನಾನು ಕೇಳಿದೆ, "ಹೆಂಗ ಬಂದೈತ್ರಿ ರಾಯರ?" ಅವರು ಬೆರಳಿಟ್ಟು ತೋರಿಸಿದರು— "ಕುಂತೀನಲ್ಲ, ಕಾಣಂಗಿಲ್ಲೇನು?"

ಹಳಬರು ನಗುತ್ತಿದ್ದೀರಿ. ಹೊಸಬರಿಗೆ ಅರ್ಥ ಆಗಿರಲಿಕ್ಕಿಲ್ಲ. ಹೇಳುತ್ತೇನೆ, ಯಾಕಂದರೆ ಇದನ್ನು ಹೇಳದಿದ್ದರೆ ಇವತ್ತು ನಾನು ಹೇಳಬೇಕಾದ ಮಾತೂ ಅರ್ಥ ಆಗೋದಿಲ್ಲ.

ಈ ವಾಚನಾಲಯ ಶುರುವಾದ ಹೊಸದರಲ್ಲಿ, ಇದೇ ಕೋಣೆ, ಕೆಳಗೆ ಇದೇ ಕಿರಾಣಿ ಅಂಗಡಿ, ಇದೇ ಮೆಣಸಿನಕಾಯಿ ಘಾಟು, ನಾವೊಂದು ಪದ್ಧತಿ ಮಾಡಿಕೊಂಡೆವು. ಪುಸ್ತಕ ಒಯ್ದವನು ಸುಮ್ಮನೆ ತಂದಿಟ್ಟು ಹೋಗುವ ಹಾಗಿಲ್ಲ. ಆದಿತ್ಯವಾರ ಸಂಜೆ ಎಲ್ಲರ ಎದುರು ಅದು ಹೇಗಿತ್ತು ಅಂತ ಹೇಳಿಯೇ ಕೊಡಬೇಕು. ಒಳ್ಳೆ ಪದ್ಧತಿ. ಆದರೆ ಏನಾಯಿತು— ಎಲ್ಲರೂ ಎಲ್ಲವನ್ನೂ ಹೊಗಳಲಿಕ್ಕೆ ಶುರು ಮಾಡಿದರು. ಅತ್ಯುತ್ತಮ ಗ್ರಂಥ, ಅಮೋಘ ಗ್ರಂಥ, ಮನೆಮನೆಯಲ್ಲೂ ಇರತಕ್ಕ ಗ್ರಂಥ. ಒಬ್ಬರಂತೂ ರೈಲ್ವೆ ಟೈಂಟೇಬಲ್ಲನ್ನೂ ಬೋಧಪ್ರದ ಅಂದರು. ಆಗ ರಾಯರು ತಡೆಯಲಾರದೆ ಅಂದರು: "ಇಲ್ಲಿ ಚಲೋ ಅನ್ನೋದು ಭಾಳ ಪುಕ್ಕಟೆ ಆಗೇದ. ಇನ್ನ ಮ್ಯಾಲೆ ಹಿಂಗ ಮಾಡ್ರಿ. ಬ್ಯಾಡಾಗಿದ್ರ ಕುಂತು ಹೇಳ್ರಿ. ಚಲೋ ಇತ್ತು ಅನ್ನೋರು ಎದ್ದು ನಿಂತು ಹೇಳ್ರಿ. ಹೊಗಳೋರು ಒಂದಿಷ್ಟು ಕಾಲಾದ್ರೂ ನೋಯಿಸ್ಕೊಳ್ಳಲಿ."

ಅವತ್ತಿನಿಂದ ಅದೇ ನಮ್ಮ ಕಟ್ಟಳೆ. ಹೊಗಳಿಕೆಗಳು ತಾವಾಗಿ ಗಿಡ್ಡವಾದವು. ಮಂಡಿನೋವಿನವರು ಖರೆ ಹೇಳತೊಡಗಿದರು.

ಮತ್ತೆ ರಾಯರು! ಅವರ ಸರದಿ ಬಂತು ಅಂದರೆ ಇಡೀ ಕೋಣೆ ಅವರ ಬಾಯಿ ನೋಡುತ್ತಿರಲಿಲ್ಲ, ಮಂಡಿ ನೋಡುತ್ತಿತ್ತು. ಏಳ್ತಾರೋ, ಕುಂತೇ ಇರ್ತಾರೋ? ಅವರಿಗೂ ಗೊತ್ತಿತ್ತು ಅದು. ಬೇಕಂತಲೇ ಧೋತರದ ಚುಂಗು ಸರಿ ಮಾಡಿಕೊಂಡು, ಏಳುವವರ ಹಾಗೆ ಮುಂದಕ್ಕೆ ಬಾಗಿ— ಹಿಂಗ— ಮತ್ತೆ ಹಿಂದಕ್ಕೊರಗಿ ಕೂಡುತ್ತಿದ್ದರು. ಕೋಣೆಯೆಲ್ಲ ಗೊಳ್ಳೆಂದು ನಗುತ್ತಿತ್ತು.

ಒಂದು ಪತ್ತೇದಾರಿ ಕಾದಂಬರಿ ಬಂದಿತ್ತು. ಊರಿಗೂರೇ ಸರದಿ ಹಚ್ಚಿ ಓದಿತು. ರಾಯರು ಕೂತರು. "ಬಂಗಲೆಯಾಗ ಆಳುಗಳು ತುಂಬಿ ತುಳಕ್ಯಾರ. ಒಬ್ಬ ನೀರು ತಂದ, ಒಬ್ಬ ದೀಪ ಹಚ್ಚಿದ, ಯಾರಿಗೂ ಹೆಸರಿಲ್ಲ. ಒಬ್ಬಗ ಮಾತ್ರ ಬಂದ ಕೂಡ್ಲೇ ಹೆಸರಿಟ್ಟಾನ ಪುಣ್ಯಾತ್ಮ. ಕೊಲಿ ಮಾಡಿದವ ಅವನೇ. ಮುಂದ ಪೊಲೀಸರು ಹುಡುಕ್ಯಾರ, ನಾ ಮಲಗೀನಿ." ಪುಸ್ತಕ ಒಯ್ಯಲಿಕ್ಕೆ ಸರದಿಯಲ್ಲಿದ್ದವರು ಲಬೋ ಲಬೋ ಬಾಯಿ ಬಡಕೊಂಡರು.

ಇಂಗ್ಲಿಷ್ ದೊರೆಯೊಬ್ಬರು ಹಂಪಿಯ ಬಗ್ಗೆ ಬರೆದ ದೊಡ್ಡ ಪುಸ್ತಕ, ಚಿತ್ರ ಇತ್ತು, ನಕಾಶೆ ಇತ್ತು, ಬಂಗಾರದ ಅಕ್ಷರ ಇತ್ತು. ಅದಕ್ಕೆ ಎಲ್ಲರೂ ನಿಂತರು. ರಾಯರು ಕೂತರು. "ಕಂಬ ಎಣಿಸ್ಯಾನ, ಕಲ್ಲು ಅಳದಾನ, ಎಲ್ಲಾ ಸರಿ. ನಾ ಲೆಕ್ಕದ ಮೇಷ್ಟ್ರು, ಅಳತಿ ತಪ್ಪಿಲ್ಲ ಅಂತ ಒಪ್ತೀನಿ. ಆದ್ರ ಇಡೀ ಪುಸ್ತಕದಾಗ ಹಂಪಿಯೊಳಗ ಒಬ್ಬ ಜೀವಂತ ಮನುಷ್ಯ ಇಲ್ಲ. ಬಾಳೆ ತೋಟ ಇಲ್ಲ, ಕಾಲುವಿ ಇಲ್ಲ. ಅಷ್ಟು ಬಿಸಿಲಾಗ ತಿರಗ್ಯಾನಲ್ಲ, ಯಾರೂ ಒಂದು ತಂಬಿಗಿ ನೀರು ಕೊಡಲಿಲ್ಲೇನು ಅವಗ?"

ಒಂದು ಕವನಗಳ ಪುಸ್ತಕಕ್ಕೆ ಕೂತು ಅಂದದ್ದು ಇಷ್ಟೇ— "ಚಂದ್ರ ಪುಟಕ್ಕೊಮ್ಮೆ ಹುಟ್ಟ್ಯಾನ. ನಡುವೆ ಒಂದಾದ್ರೂ ಅಮಾಸಿ ಬ್ಯಾಡೇನ್ರಿ, ಅವಗೂ ದಣಿವಾರಿಸ್ಕೊಳ್ಳಲಿಕ್ಕೆ?"

ಒಬ್ಬ ಮಹಾತ್ಮರ ಚರಿತ್ರೆ ಬಂದಾಗಲೂ ಕೂತರು. ಅವತ್ತು ಗದ್ದಲವೇ ಆಯಿತು. ರಾಯರ ಮತಸ್ಥರೇ ಸಿಟ್ಟಾದರು. ರಾಯರು ಜಗ್ಗಲಿಲ್ಲ. "ಮಹಾತ್ಮರ ಬಗ್ಗೆ ನಂದು ಏನೂ ಇಲ್ಲ, ಅವರ ಪಾದಕ್ಕ ಶರಣು. ಬರದವನ ಬಗ್ಗೆ ಹೇಳ್ತೀನಿ. ತೊಟ್ಟಿಲಾಗೇ ಎಲ್ಲಾ ತಿಳದುಬಿಟ್ಟಿತ್ತು ಅಂತ ಮೊದಲನೇ ಪುಟದಾಗ ಬರದಾನ. ಹಂಗಾದ್ರ ಮುಂದಿನ ಪುಟಗಳು ಯಾಕ?"

ಹಾಗಾದರೆ ನಿಂತದ್ದು ಯಾವುದಕ್ಕೆ? ಕೇಳ್ರಿ. ಒಂದು ಅಡಿಗೆ ಪುಸ್ತಕಕ್ಕೆ! ಎದ್ದು ನಿಂತು, ಕೈ ಕಟ್ಟಿಕೊಂಡು, ಹೆಡ್‌ಮಾಸ್ಟರ ಎದುರು ನಿಂತ ಹಾಗೆ ನಿಂತು ಹೇಳಿದರು— "ಅಡಿಗಿ ಪುಸ್ತಕ ಎಲ್ಲಾರೂ ಬರೀತಾರ. ಈ ತಾಯಿ ಒಬ್ಬಾಕೆ ಮಾತ್ರ, ಉಪ್ಪು ಹೆಚ್ಚಾದ್ರ ಏನು ಮಾಡಬೇಕು, ತಳ ಹತ್ತಿದ್ರ ಏನು ಮಾಡಬೇಕು ಅಂತ ಬರದಾಳ. ಕೆಟ್ಟದ್ದನ್ನ ರಿಪೇರಿ ಮಾಡೋದು ಹೇಳೋ ಪುಸ್ತಕ ನನಗ ಇದೊಂದೇ ಸಿಕ್ಕದ್ದು." ಯಮುನಾಬಾಯಿಯವರಿಗೆ ಈ ಸುದ್ದಿ ಮುಟ್ಟಿತು. ಆ ತಾಯಿ ಅಂದರಂತೆ, "ಪುಸ್ತಕಕ್ಕ ನಿಂತಾರ. ಇಷ್ಟು ವರ್ಷ ನನ್ನ ಹುಳಿಗೆ ಒಂದು ಸಲನಾದ್ರೂ ನಿಂತಾರೇನು ಕೇಳ್ರಿ."

ನಗ್ರಿ, ನಗ್ರಿ. ಅವರ ಸಭೆಯಲ್ಲಿ ನಗದೆ ಇರಲಿಕ್ಕೆ ಆಗೋದಿಲ್ಲ.

ಆದರೆ ಒಂದು ಮಾತು. ರಾಯರು ತಪ್ಪೇ ಮಾಡಿಲ್ಲ ಅಂತ ನಾನು ಹೇಳಲಿಕ್ಕೆ ನಿಂತಿಲ್ಲ. ಸತ್ತವರನ್ನು ದೇವರು ಮಾಡಿದರೆ ಅವರೇ ಇಲ್ಲಿ ಖಾಲಿ ಇಟ್ಟ ಆ ತಮ್ಮ ಕುರ್ಚಿಯಲ್ಲಿ ಕೂತು "ಮೊದಲನೇ ಪುಟದಾಗೇ ಎಲ್ಲಾ ತಿಳದಿತ್ತೇನ್ರಿ ನನಗ?" ಅಂತ ಕೇಳುತ್ತಾರೆ. ಒಂದು ಪುಸ್ತಕದ ವಿಷಯದಲ್ಲಿ ರಾಯರು ತಪ್ಪಿದರು. ಅವರ ಹಿಂದೆ ಊರೂ ತಪ್ಪಿತು. ಅದನ್ನೇ ಇವತ್ತು ಹೇಳಬೇಕು.

ಮೆಟ್ರಿಯ ಹಾಲಸ್ವಾಮಿಯವರು ನಿಮಗೆಲ್ಲ ಗೊತ್ತು. ಗದ್ದೆ ಇದೆ, ಕಂಪ್ಲಿಯಲ್ಲಿ ಅಕ್ಕಿ ಗಿರಣಿ ಇದೆ. ಗಿರಣಿಯ ಸದ್ದಿನೊಳಗೆ ಕೂತು ಅವರು ಒಂದು ಕಾದಂಬರಿ ಬರೆದರು. ಬಳ್ಳಾರಿಯಲ್ಲಿ ಅಚ್ಚು ಹಾಕಿಸಿದರು. ಒಂದು ಆದಿತ್ಯವಾರ ತಾವೇ ತಂದು ಈ ಮೇಜಿನ ಮೇಲೆ ಇಟ್ಟು, "ನಿಮ್ಮ ಸಭಾದಾಗ ಇದರ ಬಗ್ಗೆ ಒಂದು ಮಾತು ಬಂದ್ರ ಸಾಕ್ರಿ" ಅಂದರು. ನಮ್ಮ ಸೀಮೆಯವರೇ ಬರೆದ ಪುಸ್ತಕ ಈ ಕೋಣೆಗೆ ಬಂದದ್ದು ಅದೇ ಮೊದಲು. ಓದುವ ಸರದಿ ರಾಯರಿಗೆ ಬಂತು. ಅವರು ಮಾತಾಡುವ ಆದಿತ್ಯವಾರ ಹಾಲಸ್ವಾಮಿಯವರು ಮಡಿ ಅಂಗಿ ಹಾಕಿಕೊಂಡು ಬಂದು, ಅಗೋ ಆ ಬಾಗಿಲ ಹತ್ತಿರ ಕೂತರು.

ಕತೆ ಇಷ್ಟು. ಹೊಳೆಯ ಈ ಕಡೆ ಕಂಪ್ಲಿಯಲ್ಲಿ ತಮ್ಮ, ಆ ಕಡೆ ನಿಜಾಮರ ಸೀಮೆಯಲ್ಲಿ ಕೊಟ್ಟ ಅಕ್ಕ. ಪ್ರತಿ ವರ್ಷ ನಾಗರಪಂಚಮಿಗೆ ತಮ್ಮ ಹರಿಗೋಲಿನಲ್ಲಿ ದಾಟಿ ಹೋಗಿ ಅಕ್ಕನನ್ನು ತವರಿಗೆ ಕರಕೊಂಡು ಬರಬೇಕು. ಆ ವರ್ಷ ಹೊಳೆ ದಂಡೆ ತುಂಬಿ ಬಂದಿದೆ. ಹರಿಗೋಲು ಹಾಕೋದಿಲ್ಲ ಅಂತಾರೆ ಅಂಬಿಗರು. ತಮ್ಮ ಕಾಯ್ತಾನೆ. ಅಕ್ಕ ಆ ದಂಡೆಗೆ ಬಂದು ಕಾಯ್ತಾಳೆ. ಕೂಗಿದರೆ ಕೇಳೋದಿಲ್ಲ. ಅವನು ಅಕ್ಕನಿಗೆ ತಂದ ಹಬ್ಬದ ಸಿಹಿ ಉಂಡಿ ಕಟ್ಟಿದ ಬುತ್ತಿ ಮೇಲೆತ್ತಿ ತೋರಿಸ್ತಾನೆ. ಅವಳು, ತಮ್ಮ ಇನ್ನೂ ನೋಡಿರದ ತನ್ನ ಕೂಸನ್ನು ಮೇಲೆತ್ತಿ ತೋರಿಸ್ತಾಳೆ. ಇಬ್ಬರೂ ಮನೆಗೆ ಹೋಗ್ತಾರೆ. ಮುಗೀತು.

ರಾಯರು ಚುಂಗು ಸರಿ ಮಾಡಿಕೊಂಡರು. ಮುಂದಕ್ಕೆ ಬಾಗಿದರು. ಹಾಲಸ್ವಾಮಿಯವರ ಮುಖ ನನಗೆ ಇಲ್ಲಿಂದ ಕಾಣುತ್ತಿತ್ತು. ರಾಯರು ಏಳುತ್ತಾರೆ ಅಂತಲೇ ಅವರು ತಿಳಿದಿದ್ದರು. ಪದ್ಧತಿ ಗೊತ್ತಿತ್ತು, ಆ ಚೇಷ್ಟೆ ಗೊತ್ತಿರಲಿಲ್ಲ. ರಾಯರು ಹಿಂದಕ್ಕೊರಗಿ ಕೂತರು.

"ಬರವಣಿಗಿ ಸ್ವಚ್ಛ ಅದ. ಆದ್ರ ಏನೂ ಆಗೂದಿಲ್ಲ ಇದರಾಗ. ಹೊಳಿ ಇಳಿಯೂದಿಲ್ಲ, ಇವ ದಾಟೂದಿಲ್ಲ, ಅಕಿ ಬರೂದಿಲ್ಲ. ಹೊಳಿ ಇಳಿಯೂದನ್ನ ಕಾಯ್ಕೋತ ಕೂಡ್ಲಿಕ್ಕೆ ನಾ ಪುಸ್ತಕ ಯಾಕ ಓದಬೇಕು? ಕಂಪ್ಲಿಗೆ ಹೋಗಿ ದಂಡಿಮ್ಯಾಲ ಕೂಡ್ತಿದ್ದೆ, ಗಾಳಿನಾದ್ರೂ ಸಿಗ್ತಿತ್ತು."

ಕೋಣೆಗೆ ಕೋಣೆಯೇ ನಕ್ಕಿತು. ಹಾಲಸ್ವಾಮಿಯವರೂ ನಕ್ಕರು. ಸಭೆ ಮುಗಿದ ಮೇಲೆ ರಾಯರ ಹತ್ತಿರ ಬಂದು ಕೈ ಮುಗಿದು, "ನೀವು ಹೇಳಿದ್ದು ಖರೆ ಇರಬೇಕ್ರಿ" ಅಂದು, ಬಂಡಿ ಕಾಯ್ತೈತಿ ಅಂತ ಇಳಿದು ಹೋದರು. ಎರಡನೇ ಕಾದಂಬರಿ ಅರ್ಧ ಬರೆದಿದ್ದರಂತೆ. ಅದು ಅಲ್ಲಿಗೇ ನಿಂತಿತು. ಅವರು ಮತ್ತೆ ಈ ಮೆಟ್ಟಿಲು ಹತ್ತಲಿಲ್ಲ.

ಮತ್ತು ನಾವು? ರಾಯರು ಕೂತರು ಅಂದರೆ ಆ ಪುಸ್ತಕದ ಕತೆ ಮುಗಿದ ಹಾಗೆ. ಹೊಳೆಯ ಪುಸ್ತಕ ಕಪಾಟಿನಲ್ಲಿ ಹೋಗಿ ನಿಂತಿತು. ಯಾರೂ ಒಯ್ಯಲಿಲ್ಲ. ಯಾರೂ ಅಂದರೆ ಯಾರೂ. ಹೊಸಪೇಟೆ ಅಂಥಾ ಹೊಸಪೇಟೆಯಲ್ಲಿ ಓದು ಬಲ್ಲವರು ಇಷ್ಟು ಜನ ಇದ್ದು, ಒಬ್ಬರ ಮಂಡಿ ನೋಡಿ ನಮ್ಮ ಕಣ್ಣು ಮುಚ್ಚಿಕೊಂಡೆವು.

ಆಮೇಲೆ, ಹೋದ ವರ್ಷ ಬೇಸಿಗೆಯಲ್ಲಿ, ರಾಯರಿಗೆ ಲಕ್ವಾ ಹೊಡೆಯಿತು. ಎಡಗೈ, ಎಡಗಾಲು ಹೋದವು. ಬಾಯಿ ಉಳಿಯಿತು. ಬುದ್ಧಿ ಉಳಿಯಿತು, ಇನ್ನಷ್ಟು ಚುರುಕಾಯಿತು ಅಂದರೂ ನಡೆದೀತು. ಅವರಿಲ್ಲದ ಆದಿತ್ಯವಾರ ಸಪ್ಪೆ ಅಂತ ವಾಚನಾಲಯದ ಆಳು ಪಾಲಯ್ಯ ಮತ್ತು ನಾವಿಬ್ಬರು ಮೂವರು ಸೇರಿ ಅವರನ್ನು ಕುರ್ಚಿ ಸಮೇತ ಎತ್ತಿಕೊಂಡು ಈ ಮೆಟ್ಟಿಲು ಹತ್ತಿಸುತ್ತಿದ್ದೆವು. ಮೇಲಿನಿಂದ ಅವರು, "ಸಾವಕಾಶ್ರೀ, ಗ್ರಂಥ ಹಳೇದದ, ಹೊಲಿಗಿ ಬಿಚ್ಚೀತು" ಅನ್ನುತ್ತಿದ್ದರು.

ಇಲ್ಲಿಯೇ ನೋಡ್ರಿ, ನಮ್ಮ ಕಟ್ಟಳೆ ನಮ್ಮ ಕೊರಳಿಗೇ ಬಂತು. ರಾಯರಿಗೆ ನಿಲ್ಲಲಿಕ್ಕೆ ಆಗುತ್ತಿರಲಿಲ್ಲ. ಕೂತು ಹೇಳಿದರೆ ಅದು ನಿಂದೆ. ಹಾಗಾಗಿ ರಾಯರು ಏನು ಮಾಡಿದರು? ಸೇರದ ಪುಸ್ತಕದ ಬಗ್ಗೆ ಮಾತ್ರ ಮಾತಾಡತೊಡಗಿದರು. ಸೇರಿದ ಪುಸ್ತಕ ಆದರೆ ಸುಮ್ಮನೆ ಮೇಜಿನ ಮೇಲೆ ಇಟ್ಟುಬಿಡುತ್ತಿದ್ದರು, ಒಂದು ಮಾತಿಲ್ಲ. ಆ ಮೇಲೆ ಬಂದ ಹೊಸ ಸದಸ್ಯರು ನನ್ನ ಕಿವಿಯಲ್ಲಿ ಕೇಳಿದ್ದುಂಟು— "ಆ ಅಜ್ಜಾರಿಗೆ ಯಾವ ಪುಸ್ತಕಾನೂ ಸೇರೋದೇ ಇಲ್ಲೇನ್ರಿ?" ಪಾಪ, ಅವರು ರಾಯರನ್ನು ನಿಂತು ನೋಡಿಯೇ ಇರಲಿಲ್ಲ. ಹಳಬರಿಗೆ ಗುಟ್ಟು ತಿಳಿದಿತ್ತು. ರಾಯರು ಮೌನವಾಗಿ ಇಟ್ಟರೆ ಸಾಕು, ಆ ಪುಸ್ತಕಕ್ಕೆ ಜಗಳ!

"ರಾಯರ, ಕಟ್ಟಳೆ ನೀವು ಮಾಡಿದ್ದು, ನೀವೇ ಸಡಿಲ ಮಾಡ್ರಿ" ಅಂದೆ. "ನಾ ಮಾಡಿದ್ದಕ್ಕೇ ಸಡ್ಲ ಮಾಡಬಾರದು" ಅಂದರು.

ಇರಲಿ. ಹೋದ ವರ್ಷ ಶ್ರಾವಣ. ನಿಮಗೆ ನೆನಪಿದೆ, ಹೊಳೆ ಹೆಂಗ ಬಂದಿತ್ತು. ಪ್ರತಿ ವರ್ಷ ಪಂಚಮಿಗೆ ರಾಯರು ತಾವೇ ತಳವಾರಘಟ್ಟಕ್ಕೆ ಹೋಗಿ, ಹರಿಗೋಲು ಹತ್ತಿ, ಆನೆಗೊಂದಿಯಿಂದ ಮಗಳನ್ನು ಕರೆತರುತ್ತಿದ್ದರು. ಗಂಡುಮಕ್ಕಳಿಲ್ಲದ ಮನೆ, ಅಣ್ಣ ತಮ್ಮ ಮಾಡುವ ಕೆಲಸ ಅಪ್ಪನೇ ಮಾಡುತ್ತಿದ್ದರು. ಹೋದ ವರ್ಷ ಕಾಲಿಲ್ಲ. ತಾನೇ ಬರ್ತೀನಿ ಅಂತ ಮಗಳು ಹೇಳಿಕಳಿಸಿದಳು. ಹೊಳೆ ಬಿಡಲಿಲ್ಲ.

ವಿಜಯಮ್ಮಾ, ನೀನು ಅವತ್ತು ಆ ದಂಡೆಗೆ ಬಂದು ನಿಂತಿದ್ದಿ. ಗೋಪೀನಾಥರು ಅಂಬಿಗರ ಕಾಲು ಹಿಡಿಯೋದೊಂದು ಬಾಕಿ ಇತ್ತಂತೆ. ಈಕಡೆ ನಿಮ್ಮಪ್ಪ ಕಿಟಕಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು, ಬೀದಿಯಲ್ಲಿ ಬಂಡಿ ಸದ್ದಾದರೆ ಸಾಕು, ಕತ್ತು ಉದ್ದ ಮಾಡುತ್ತಿದ್ದರು. ನಿನಗಂತ ಕಟ್ಟಿಸಿದ ಪಂಚಮಿ ಉಂಡಿ ಡಬ್ಬಿ ಪಕ್ಕದಲ್ಲೇ ಇತ್ತು. ಯಾರಿಗೂ ಮುಟ್ಟಗೊಡಲಿಲ್ಲ. ನಾನು ಹೋದಾಗ ನನಗೂ ಕೊಡಲಿಲ್ಲ.

ಆ ದಿನಗಳಲ್ಲೇ ಪಾಲಯ್ಯ ಅವರಿಗೆ ಓದಲಿಕ್ಕೆ ಅಂತ ಒಂದು ಪುಸ್ತಕ ಒಯ್ದು ಕೊಟ್ಟ. ಅವನಿಗೆ ಓದು ಬರೋದಿಲ್ಲ, ಯಾವುದಂತ ಗೊತ್ತಿರಲಿಲ್ಲ. ಆಮೇಲೆ ನಾನು ಕೇಳಿದೆ, "ಅದನ್ನೇ ಯಾಕ ಒಯ್ದಿಯಪ್ಪಾ?" ಅವನು ಅಂದ, "ಭಾಳ ಸ್ವಚ್ಛ ಇತ್ರಿ ಮೇಷ್ಟ್ರೇ, ಯಾರೂ ಮುಟ್ಟಿದಂಗಿರಲಿಲ್ಲ."

ಹೌದು. ಯಾರೂ ಮುಟ್ಟಿರಲಿಲ್ಲ.

ಮರುದಿನ ರಾಯರು ನನಗೆ ಹೇಳಿಕಳಿಸಿದರು. ಹೋದೆ. ಹೊಳೆಯ ಪುಸ್ತಕ ತೊಡೆಯ ಮೇಲಿತ್ತು. ನಮಸ್ಕಾರ ಗಿಮಸ್ಕಾರ ಏನೂ ಇಲ್ಲ, ನನ್ನನ್ನು ನೋಡಿದವರೇ ಬೈಯಲಿಕ್ಕೆ ಹತ್ತಿದರು. "ಕೊಟ್ರಬಸಪ್ಪ, ನೀವು ಇದನ್ನ ಓದಿದ್ರೇನು?" ಇಲ್ಲರೀ ಅಂದೆ. "ಯಾಕ?" ನೀವು ಕುಂತಿದ್ದಿರಲ್ರೀ ಅಂದೆ. "ನಾ ಕುಂತ್ರ ನಿಮಗೆಲ್ಲಾ ಯಾಕ ಕಣ್ಣು ಹೋಗಬೇಕು? ನಾ ನನ್ನ ಅಭಿಪ್ರಾಯ ಹೇಳಿದೆ. ಅದನ್ನ ಊರಿನ ಅಭಿಪ್ರಾಯ ಮಾಡ್ರಿ ಅಂತ ಯಾರು ಹೇಳಿದ್ರು ನಿಮಗ?" ದನಿ ಏರಿತು. ಯಮುನಾಬಾಯಿಯವರು ಒಳಗಿನಿಂದ ಓಡಿ ಬಂದರು. ಆಮೇಲೆ ಬೈಗುಳ ನಿಂತಿತು. ರಾಯರು ಅತ್ತರು. ನಾನು ಅವರು ಅತ್ತದ್ದನ್ನು ನೋಡಿದ್ದು ಅದೊಂದೇ ಸಲ. ಒಂದೇ ಕೈಯಿಂದ ಕಣ್ಣು ಒರೆಸಿಕೊಳ್ಳಬೇಕು, ಅದೇ ಕೈಯಲ್ಲಿ ಪುಸ್ತಕವನ್ನೂ ಹಿಡಿಯಬೇಕು. ಅವರು ಪುಸ್ತಕ ಬಿಡಲಿಲ್ಲ.

"ಹಾಲಸ್ವಾಮಿಯವರನ್ನ ಕರಸೋಣ್ರಿ. ಬರುವ ಆದಿತ್ಯವಾರವೇ ಹೇಳಿಬಿಡ್ರಿ" ಅಂದೆ.

"ಹೆಂಗ ಹೇಳ್ಲಿ? ಕುಂತೇನು?"

"ಕುಂತರೇನಾತ್ರಿ? ನಿಮ್ಮ ಸ್ಥಿತಿ ಎಲ್ಲಾರಿಗೂ ಗೊತ್ತೈತಿ."

"ಆ ಮನುಷ್ಯನ ಎದುರಿಗೆ ಒಂದ್ಸಲ ಕುಂತೀನಿ, ಕೊಟ್ರಬಸಪ್ಪ. ಇನ್ನೊಂದ್ಸಲ ಕೂಡೂದಿಲ್ಲ."

"ನಾನು ಒಂದ ಕಡೆ, ಪಾಲಯ್ಯ ಒಂದ ಕಡೆ ಹಿಡಕೋತೀವ್ರಿ. ನಿಂದ್ರಿ."

ಆಗ ನಕ್ಕರು. ಕಣ್ಣಲ್ಲಿ ನೀರು ಇನ್ನೂ ಇತ್ತು. "ಇಬ್ಬರು ಹಿಡದು ನಿಲ್ಲಿಸಿದ ಅಭಿಪ್ರಾಯ ನಂದು ಹೆಂಗಾಗ್ತದ? ಮೂರೂ ಜನರದ್ದಾಗ್ತದ. ಇರ್ರಿ. ನನಗ ಒಂದಿಷ್ಟು ಟೈಂ ಕೊಡ್ರಿ. ನಾ ನಿಂದರ್ತೀನಿ. ಅಲ್ಲೀತನಕ ಇದು ಮನೀ ಮಾತು, ಸಭಾದ ಮಾತಲ್ಲ. ಹೊರಗ ಬಿಡಬ್ಯಾಡ್ರಿ."

ನಾನು ಬಿಡಲಿಲ್ಲ. ಗೆಳೆಯ ಮಾತು ತಗೊಂಡಿದ್ದ, ಉಳಿಸಿಕೊಂಡೆ. ಈಗ ಅನ್ನಿಸುತ್ತದೆ, ಆ ಮಾತು ಮುರಿದಿದ್ದರೆ ಯಾರಿಗೆ ಏನು ಹಾಳಾಗುತ್ತಿತ್ತು? ಮೆಟ್ರಿ ಏನು ಕಾಶಿಯೇ? ಬೆಳಿಗ್ಗೆ ಬಂಡಿ ಕಟ್ಟಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಟ್ಟುತ್ತಿದ್ದೆ. ಆದರೆ ನಾವು ಇದ್ದದ್ದೇ ಹಾಗೆ. ಕಟ್ಟಳೆ ಅಂದರೆ ಕಟ್ಟಳೆ. ಒಬ್ಬ ಒಳ್ಳೆ ಮನುಷ್ಯನಿಗೆ ಒಂದು ಒಳ್ಳೆ ಮಾತು ಮುಟ್ಟಿಸುವುದಕ್ಕೂ ನಮಗೆ ಕಾಲು ಗಟ್ಟಿಯಾಗಬೇಕಾಗಿತ್ತು.

ಮೊನ್ನೆ ಮಾತಾಡಿಸಲಿಕ್ಕೆ ಹೋದಾಗ ಯಮುನಾಬಾಯಿಯವರು ಹೇಳಿದರು. ದೀಪಾವಳಿ ಆದಮೇಲಿಂದ ರಾಯರು ದಿನಾ ಬೆಳಿಗ್ಗೆ ಒಂದು ಕೆಲಸ ಮಾಡುತ್ತಿದ್ದರಂತೆ. ವೈದ್ಯರು ಎಣ್ಣೆ ತಿಕ್ಕಿ ಹೋದಮೇಲೆ, ಬಲಗೈಯಲ್ಲಿ ಕಿಟಕಿಯ ಸರಳು ಹಿಡಿದು, ಹಲ್ಲು ಕಚ್ಚಿ, ಏಳುತ್ತಿದ್ದರಂತೆ. ಏಳುವುದು, ಬೀಳುವುದು. ಏಳುವುದು, ಬೀಳುವುದು. "ಮಗಳ ಊರಿಗೆ ಹೋಗೋ ಆಸೆಗೆ ಹಿಂಗ ಮಾಡ್ಲಿಕ್ಹತ್ಯಾರ ಅಂತ ತಿಳದಿದ್ದೆ ನಾ. 'ನಡೀಲಿಕ್ಕೆ ಕಲೀತೀರೇನು' ಅಂತ ಕೇಳಿದೆ. 'ನಡ್ಯೂದು ಬ್ಯಾಡ, ನಾಕು ಮಾತಾಡೂ ಅಷ್ಟು ಹೊತ್ತು ನಿಂತ್ರ ಸಾಕು' ಅಂದ್ರು. ಯಾರ ಮುಂದ ಮಾತಾಡಬೇಕು ಅಂತ ಕೇಳಿದ್ರ ಹೇಳಲಿಲ್ಲ." ಯಾರ ಮುಂದೆ ಅಂತ ಆ ತಾಯಿಗೆ ನಾನು ಹೇಳಿದೆ. ಹೇಳಿ ಮನೆಯಿಂದ ಹೊರಗೆ ಬಂದು, ಸ್ವಲ್ಪ ಹೊತ್ತು ಬೀದಿಯಲ್ಲೇ ನಿಂತೆ. ಎಲ್ಲಿ ಹೋಗಬೇಕು ತಿಳಿಯಲಿಲ್ಲ.

ಮಾಘದ ಹೊತ್ತಿಗೆ ಸರಳು ಬಿಟ್ಟು ಒಂದು ಗಳಿಗೆ ನಿಂತಿದ್ದರಂತೆ. "ಇನ್ನೊಂದಿಷ್ಟು. ಇನ್ನೊಂದಿಷ್ಟು ದಿನ" ಅಂದಿದ್ದರಂತೆ. ಫಾಲ್ಗುಣದಲ್ಲಿ ಎರಡನೇ ಸಲ ಲಕ್ವಾ ಹೊಡೆಯಿತು. ಈ ಸಲ ಏನನ್ನೂ ಉಳಿಸಲಿಲ್ಲ.

ಅಧ್ಯಕ್ಷರೇ, ನನ್ನ ಮಾತು ಉದ್ದವಾಯಿತು. ನನ್ನ ಕಾಲೂ ನೋಯುತ್ತಿದೆ. ಆಗಲಿ, ನೋಯಲಿ.

ಹಾಲಸ್ವಾಮಿಯವರೇ.

ಹೌದು, ಅವರು ಬಂದಿದ್ದಾರೆ. ಆ ಬಾಗಿಲ ಹತ್ತಿರ, ಅವತ್ತು ಕೂತಲ್ಲೇ ಕೂತಿದ್ದಾರೆ. ಎಲ್ಲರೂ ಹೊರಳಿ ನೋಡಬ್ಯಾಡ್ರಿ, ಅವರಿಗೆ ಸಂಕೋಚ ಆಗ್ತದೆ. ಮೊನ್ನೆ ನಾನು ಮೆಟ್ರಿಗೆ ಹೋಗಿ, ರಾಯರ ಶ್ರದ್ಧಾಂಜಲಿ ಐತಿ, ಬರಬೇಕು ಅಂತ ಕರೆದೆ. ಯಾಕೆ ಅಂತ ಹೇಳಲಿಲ್ಲ. ಅವರು ಯಾಕೆ ಅಂತ ಕೇಳಲೂ ಇಲ್ಲ. "ಬರ್ತೀನ್ರಿ, ದೊಡ್ಡ ಮನುಷ್ಯರು" ಅಂದರು.

ಹಾಲಸ್ವಾಮಿಯವರೇ, ಈ ವಾಚನಾಲಯದ ಇನ್ನೊಂದು ಕಟ್ಟಳೆ ಏನಂದರೆ ಒಬ್ಬರ ಅಭಿಪ್ರಾಯ ಇನ್ನೊಬ್ಬರು ಹೇಳುವ ಹಾಗಿಲ್ಲ. ಓದಿದವನೇ ಹೇಳಬೇಕು. ಆ ಕಟ್ಟಳೆಯನ್ನು ನಾನು ಈಗ ಎಲ್ಲರ ಎದುರು ಮುರಿಯುತ್ತೇನೆ. ರಾಯರು ಒಪ್ಪುತ್ತಿರಲಿಲ್ಲ. ಒಪ್ಪದಿದ್ದರೆ ಬಂದು ಬೈಯಲಿ. ಬೈಯಲಿಕ್ಕಾದರೂ ಬರಲಿ.

ಮನೆಯಲ್ಲಿ, ಕಿಟಕಿಯ ಹತ್ತಿರ, ಅವರು ನನಗೆ ಹೇಳಿದ ಮಾತು ಇದು. ಅವರ ಮಾತಲ್ಲೇ ಹೇಳುತ್ತೇನೆ.

"ಏನೂ ಆಗೂದಿಲ್ಲ ಅಂದಿದ್ದೆ. ಆಗ್ತದ. ಕಾಯೂದು ಆಗ್ತದ. ಕಾಯೂದು ಅಂದ್ರ ಏನಂತ ಗೊತ್ತಿಲ್ಲದಾಗ ಓದಿದ್ದೆ ನಾನು, ಅದು ನನ್ನ ತಪ್ಪು, ಬರದವನದ್ದಲ್ಲ. ಆ ಹೆಣ್ಣುಮಗಳು ಕೂಸನ್ನ ಮ್ಯಾಲೆತ್ತಿ ತೋರಸ್ತಾಳಲ್ಲ, ಆ ಪುಟ ಅವತ್ತೂ ಓದೀನಿ. ಓದೀನಿ, ನೋಡಿಲ್ಲ. ಇವತ್ತು ನೋಡಿದೆ. ಹೊಳಿ ಇಳದಿದ್ರ ಈ ಪುಸ್ತಕ ಕೆಡ್ತಿತ್ತು. ಹಾಲಸ್ವಾಮಿ ಅದನ್ನ ಇಳಸಲಿಲ್ಲ. ಅಷ್ಟು ಧೈರ್ಯ ನನಗಿರಲಿಲ್ಲ, ಅವನಿಗಿತ್ತು."

ಇಷ್ಟೇ. ನಾಲ್ಕು ಮಾತು ನಿಂತು ಹೇಳಲಿಕ್ಕೆ ಅವರು ಅಷ್ಟು ತಿಂಗಳು ಬಿದ್ದು ಎದ್ದರು.

ಅರ್ಧಕ್ಕೆ ಬಿಟ್ಟ ಆ ಇನ್ನೊಂದು ಪುಸ್ತಕದ ವಿಷಯ ನಾನು ಕೇಳುವುದಿಲ್ಲ. ಕೇಳುವ ಹಕ್ಕು ನಮಗಿಲ್ಲ. ಹೊಳೆಯ ಪುಸ್ತಕ ಮಾತ್ರ ಆ ಮೇಜಿನ ಮೇಲೆ ಐತಿ. ನಾನು ಓದಿದ್ದೇನೆ. ನನ್ನ ಅಭಿಪ್ರಾಯ ಏನಂತ ನನ್ನ ಕಾಲು ನೋಡಿದರೆ ತಿಳಿಯುತ್ತದೆ. ನೀವು ಓದಿ ನಿಮ್ಮದು ಹೇಳ್ರಿ. ಕೂತಾದರೂ ಹೇಳ್ರಿ, ಆದರೆ ಓದ್ರಿ.

ಇನ್ನು ಕಡೆಯ ಮಾತು.

ಸತ್ತವರಿಗಾಗಿ ಒಂದು ಗಳಿಗೆ ಎದ್ದು ನಿಲ್ಲುವುದು ಎಲ್ಲ ಊರಿನ ರೂಢಿ. ಬೇರೆ ಊರಲ್ಲಿ ಅದು ಬರೀ ಮರ್ಯಾದೆ. ಈ ಕೋಣೆಯಲ್ಲಿ ಹಾಗಲ್ಲ. ಇಲ್ಲಿ ನಿಂತರೆ ಅದು ಅಭಿಪ್ರಾಯ. ಆದ್ದರಿಂದ ಯಾರಿಗೂ ಬಲವಂತ ಇಲ್ಲ. ರಾಯರ ನಾಲಿಗೆಯಿಂದ ನೋವು ತಿಂದವರು ಈ ಊರಲ್ಲಿ ಕಡಿಮೆ ಇಲ್ಲ.

ಹಾಲಸ್ವಾಮಿಯವರೇ, ನಿಮಗಂತೂ ಬೇರೆಯಾಗಿಯೇ ಹೇಳುತ್ತೇನೆ. ನೀವು ಕೂತೇ ಇದ್ದರೆ ಈ ಸಭೆಯಲ್ಲಿ ಒಬ್ಬರೂ ತಪ್ಪು ತಿಳಿಯುವುದಿಲ್ಲ. ರಾಯರಂತೂ ತಿಳಿಯುವುದೇ ಇಲ್ಲ. ನಿಮ್ಮ ಕಾಲು, ನಿಮ್ಮ ಅಭಿಪ್ರಾಯ.

ಉಳಿದವರು, ಅವರ ಬದುಕನ್ನು ನೀವೇ ಓದಿದ್ದೀರಿ, ಅದು ಚಲೋ ಇತ್ತು ಅನ್ನಿಸಿದರೆ, ಏಳ್ರಿ. ಮಾತು ಬೇಡ. ಅವರ ಕುರ್ಚಿಯ ಕಡೆ ಮುಖ ಮಾಡಿ ನಿಂದ್ರಿ. ಒಂದಿಷ್ಟು ಕಾಲು ನೋಯುವ ತನಕ ನಿಂದ್ರಿ.

ಆದಮೇಲೆ ಕುಂದ್ರಿ ಅಂತ ನಾನು ಹೇಳುವುದಿಲ್ಲ. ಇವತ್ತು ಈ ಕೋಣೆಯಲ್ಲಿ ಯಾರೂ ಮತ್ತೆ ಕೂಡುವುದು ಬ್ಯಾಡ. ನಿಂತವರು ನಿಂತ ಹಾಗೇ ಮೆಟ್ಟಿಲಿಳಿದು ಮನೆಗೆ ಹೋಗ್ರಿ.

ಏಳ್ರಿ.